ಹಾಲ್ ಗೋಡೆಗೆ ಮರದ ಮೋಲ್ಡಿಂಗ್ ಹಾಕಿಸಬೇಕು ಅಂತಿದ್ದೇವೆ, ಎಲ್ಲಿಂದ ಶುರು ಮಾಡಲಿ?

ಹಾಲ್ 11 ಅಡಿ ಅಗಲ, 16 ಅಡಿ ಉದ್ದ, ಗೋಡೆಗಳೆಲ್ಲ ಬೋಳು, ಮೋಲ್ಡಿಂಗ್, ಅಂದರೆ ಉಬ್ಬುಗೆರೆಯ ಮರದ ಪಟ್ಟಿಗಳಿಂದ ಚೌಕಗಳನ್ನು ಹೊಡೆಸಿದರೆ ಚೆನ್ನಾಗಿರುತ್ತಾ ಅಂತ ಕೇಳಿದ್ದೀರಿ. ಖಂಡಿತ ಚೆನ್ನಾಗಿರುತ್ತದೆ. ಆದರೆ ಮೊದಲು ಬಾಗಿಲಿಗೆ ಮಾಡಿಸಿ, ಗೋಡೆ ಆಮೇಲೆ.

ಬಾಗಿಲ ಚೌಕಟ್ಟು ಮರದ್ದು, ಪಕ್ಕದ್ದು ಸಿಮೆಂಟು ಗಾರೆ. ಮಳೆಗಾಲಕ್ಕೆ ಮರ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಗಾರೆ ಅಷ್ಟು ಅಲುಗುವುದಿಲ್ಲ. ಹಾಗಾಗಿ ಎಷ್ಟು ಸಲ ಪುಟ್ಟಿ ತುಂಬಿದರೂ ಆ ಸಂದು ಮತ್ತೆ ಬಿಡುತ್ತದೆ. ಅದನ್ನು ಮುಚ್ಚುವುದೇ ಬೀಡಿಂಗ್ ಪಟ್ಟಿಯ ಕೆಲಸ. ಬಾಗಿಲ ಸುತ್ತ ಎರಡೂವರೆ, ಮೂರು ಇಂಚಿನ ಪಟ್ಟಿ ಬಂದರೆ ಅರ್ಧ ಹಾಲ್ ಆಗಲೇ ತಯಾರಾದಂತೆ ಕಾಣುತ್ತದೆ.

ಸಾಗರದ ನಮ್ಮ ಮನೆಯಲ್ಲಿ ಬಾಗಿಲುಗಳಿಗೆ ತೇಗ ಹಾಕಿಸಿದೆ. ದುಡ್ಡು ಉಳಿಯುತ್ತದೆ ಅಂತ ನೆಲದಂಚಿನ ಸ್ಕರ್ಟಿಂಗ್‌ಗೆ ಎಂಡಿಎಫ್, ಅಂದರೆ ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ, ತಂದೆ. ದಿನಾ ನೆಲ ಒರೆಸುವ ನೀರು ತಾಗಿ ಎರಡೇ ಮಳೆಗಾಲಕ್ಕೆ ಕೆಳಗಿನ ಅಂಚು ಊದಿಕೊಂಡಿತು. ತುಂಬಾ ಬೇಜಾರಾಯಿತು. ನೆಲದ ಹತ್ತಿರ ಟೈಲ್ಸೋ ಗಟ್ಟಿ ಮರವೋ ಇರಲಿ. ಪೇಂಟ್ ಹೊಡೆಸುವುದಾದರೆ ಮೇಲಿನ ಚೌಕಗಳಿಗೆ ಎಂಡಿಎಫ್ ಸಾಕು, ಆ ಗೋಡೆಯಲ್ಲಿ ತೇವ ಮಾತ್ರ ಇರಬಾರದು.

ಯೂಟ್ಯೂಬಿನ ಅಮೆರಿಕದ ವಿಡಿಯೋ ನೋಡಿ ಮೋಸ ಹೋಗಬೇಡಿ. ಅಲ್ಲಿನ ಗೋಡೆಯೊಳಗೆ ಮರದ ಕಂಬಗಳಿರುತ್ತವೆ, ಗನ್ನಿನಿಂದ ಮೊಳೆ ಹೊಡೆದರೆ ಹಿಡಿಯುತ್ತದೆ. ನಮ್ಮದು ಇಟ್ಟಿಗೆ, ಬ್ಲಾಕ್. ಅಗಲದ ಪಟ್ಟಿಗೆ ಡ್ರಿಲ್ ಮಾಡಿ ಪ್ಲಗ್ ಕೂರಿಸಿ ಸ್ಕ್ರೂ ಹಾಕಿಸಿ. ಸಣ್ಣ ಪಟ್ಟಿಗೆ ಅಂಟು ಸಾಕು. ಆದರೆ ಅಂಟು ಹಚ್ಚುವ ಜಾಗದಲ್ಲಿ ಪೇಂಟ್, ಪುಟ್ಟಿ ಎರಡನ್ನೂ ಕೆರೆದು ಗಾರೆ ಕಾಣುವಂತೆ ಮಾಡಬೇಕು. ಇಲ್ಲದಿದ್ದರೆ ಪಟ್ಟಿ ಪೇಂಟಿನ ಪದರದ ಸಮೇತ ಕಿತ್ತು ಬರುತ್ತದೆ. ಈ ಕೆಲಸ ಬೇಗ ಮುಗಿಸೋಣ ಅಂತ ಹೇಳುವವರು ಜಾಸ್ತಿ. ನೀವು ಪಕ್ಕದಲ್ಲಿ ನಿಂತೇ ಮಾಡಿಸಿ.

ಇನ್ನು ಮೂಲೆಗಳು. ಎರಡೂ ಪಟ್ಟಿಗಳನ್ನು 45 ಡಿಗ್ರಿಗೆ ಕೊಯ್ದು ಸೇರಿಸಿದರೆ ಆಯಿತು ಅನ್ನುತ್ತಾರೆ. ಗೋಡೆಯ ಮೂಲೆ ನಿಜವಾಗಿ 90 ಡಿಗ್ರಿ ಇದ್ದರೆ ಸರಿ. ಒಂದು ಗೋಡೆಯಲ್ಲಿ 3 ಅಡಿಗೆ, ಇನ್ನೊಂದರಲ್ಲಿ 4 ಅಡಿಗೆ ಗುರುತು ಹಾಕಿ ಓರೆಯಾಗಿ ಟೇಪ್ ಹಿಡಿಯಿರಿ. 5 ಅಡಿ ಬರದಿದ್ದರೆ ಮೂಲೆ ಸೊಟ್ಟಗಿದೆ. ಆಗ ಒಂದು ಪಟ್ಟಿಯನ್ನು ನೇರವಾಗಿ ಗೋಡೆಗೆ ಮುಟ್ಟಿಸಿ, ಇನ್ನೊಂದರ ತುದಿಯನ್ನು ಅದರ ಉಬ್ಬುತಗ್ಗಿಗೆ ಸರಿಯಾಗಿ ಕೊರೆದು ಕೂರಿಸಬೇಕು. ನಿಧಾನದ ಕೆಲಸ, ನಿಜ. ಆದರೆ ಮರ ಕುಗ್ಗಿದರೂ ಸಂದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಆಚಾರ್ರು ಹೀಗೆ ಕೂರಿಸಿದ್ದನ್ನು ನೋಡುವುದೇ ನನಗೆ ಇವತ್ತಿಗೂ ಖುಷಿ. ಮರ ತಂದ ದಿನವೇ ಹೊಡೆಯಲು ಬಿಡಬೇಡಿ, ಹತ್ತು ದಿನವಾದರೂ ಅದೇ ಹಾಲ್‌ನಲ್ಲಿ ಮಲಗಿಸಿಡಿ.

ಚೌಕಗಳ ಅಳತೆಗೆ ಮೊದಲು ಸ್ವಿಚ್ ಬೋರ್ಡ್, ಎಸಿ, ಪರದೆಯ ರಾಡ್ ಎಲ್ಲಿವೆ ನೋಡಿ. ಬೋರ್ಡು ಪೂರ್ತಿ ಚೌಕದ ಒಳಗಿರಬೇಕು, ಇಲ್ಲವೇ ಪೂರ್ತಿ ಹೊರಗೆ. ಮಧ್ಯ ತುಂಡಾದರೆ ಎಷ್ಟು ಒಳ್ಳೆಯ ಮರವಾದರೂ ಕೆಟ್ಟದಾಗಿ ಕಾಣುತ್ತದೆ. ಅಡ್ಡ ಪಟ್ಟಿ ಬೇಕಿದ್ದರೆ ನೆಲದಿಂದ 32ರಿಂದ 36 ಇಂಚು ಎತ್ತರದಲ್ಲಿರಲಿ. ಗೋಡೆಯ ನಡುಮಧ್ಯ ಬಂದರೆ ರೂಮು ಗಿಡ್ಡವಾದಂತೆ ಅನಿಸುತ್ತದೆ.

ಮೋಲ್ಡಿಂಗ್ ಅಂದರೆ ನನ್ನ ಮಟ್ಟಿಗೆ ನೆರಳಿನ ಕೆಲಸ. ಗೋಡೆಯದೇ ಬಣ್ಣ ಪಟ್ಟಿಗೂ ಹೊಡೆಸಿದರೆ ಕಾಣುವುದು ಅದರ ಗೆರೆಗಳ ನೆರಳು ಮಾತ್ರ. ಪಕ್ಕದಿಂದ ಬೆಳಕು ಬೀಳುವ ಗೋಡೆಗೆ ಅರ್ಧ ಇಂಚು ಉಬ್ಬಿದ ಪಟ್ಟಿಯೂ ಸಾಕು. ಎದುರು ಬೆಳಕಿನ ಗೋಡೆಗೆ ಆಳದ ಗೆರೆ ಬೇಕು. ಅದಕ್ಕೇ ನಾಲ್ಕೂ ಗೋಡೆ ಮಾಡಿಸಬೇಡಿ, ಬೆಳಕು ನೋಡಿ ಒಂದನ್ನು ಆರಿಸಿ. ಆ ಗೋಡೆಗೆ ಪೇಂಟರ್‌ಗಳು ಬಳಸುವ ಕಾಗದದ ಟೇಪಿನಲ್ಲಿ ಚೌಕ ಅಂಟಿಸಿ, ಒಂದು ವಾರ ಹಾಗೇ ಬಿಡಿ. ನಾನು ಮೂರು ಸಲ ಕಿತ್ತು ಅಂಟಿಸಿದ ಮೇಲೇ ಅಳತೆ ಕೊಟ್ಟಿದ್ದು.

ನಿಮ್ಮ ಹಾಲ್‌ನ ಕಿಟಕಿ ಯಾವ ಗೋಡೆಗಿದೆ ಅಂತ ಬರೆಯಿರಿ. ಎಂಥ ಪಟ್ಟಿ ಹೊಂದುತ್ತದೆ ಅಂತ ಯೋಚಿಸಿ ಹೇಳುತ್ತೇನೆ.