ರೋಬೋಟ್‌ಗಿಂತ ಮೊದಲು ಒಂದು ಬೆದರುಗೊಂಬೆ ಮಾಡಿ

ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ಗದಗಿನಲ್ಲಿ ಇದ್ದುಕೊಂಡೇ ‘ಸ್ಟಾರ್ ವಾರ್ಸ್’ ಸಿನಿಮಾದ ಆರ್2-ಡಿ2 ರೋಬೋಟಿನ ಪ್ರತಿಕೃತಿ ಕಟ್ಟಬೇಕು, ಅಕ್ಟೋಬರ್ 31ರ ಹಾಲೋವೀನ್‌ಗೆ ಅಂಗಳದಲ್ಲಿ ದೆವ್ವದ ಗೊಂಬೆಗಳನ್ನೂ ನಿಲ್ಲಿಸಬೇಕು ಎಂಬುದು ನಿಮ್ಮ ಆಸೆ. 3ಡಿ ಪ್ರಿಂಟರ್ ಇಲ್ಲ, ಎಲೆಕ್ಟ್ರಾನಿಕ್ಸ್ ಓದಿಲ್ಲ, ಮೇಲಾಗಿ ‘ಮನೆಯಲ್ಲಿ ಅಂಥವು ಬೇಡ’ ಎಂದು ಅಜ್ಜಿ ಹೇಳುತ್ತಾರೆ, ಯಾವುದರಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ನಾನು ಹುಬ್ಬಳ್ಳಿಯವನು. ಹಗಲು ತಾರಿಹಾಳದ ಕಾರ್ಖಾನೆಯೊಂದರಲ್ಲಿ ತಗಡಿನ ಕೆಲಸ, ಸಂಜೆ ಮತ್ತು ಭಾನುವಾರ ಇದೇ ಹವ್ಯಾಸ. ದೆವ್ವದಿಂದ ಶುರು ಮಾಡಿ ಎಂಬುದೇ ನನ್ನ ಉತ್ತರ.

ರೋಬೋಟಿಗೆ ಜೀವ ಬರುವುದು ಹೊರಮೈಯಿಂದಲ್ಲ, ಚಲನೆಯಿಂದ. ಹೊಸಬರು ಹೆಚ್ಚಾಗಿ ಮೈಕಟ್ಟಿನ ಹಿಂದೆ ಬಿದ್ದು, ಅಳತೆ, ಬಣ್ಣ, ಗೀರು ಎಲ್ಲವನ್ನೂ ತಿದ್ದುತ್ತ ದಣಿದು, ಕೊನೆಗೆ ಕದಲದ ಒಂದು ಡಬ್ಬಿಯನ್ನು ಮೂಲೆಯಲ್ಲಿಟ್ಟು ಸುಮ್ಮನಾಗುತ್ತಾರೆ. ದೆವ್ವದ ಗೊಂಬೆ ನಿಲ್ಲುವುದು ಕತ್ತಲಲ್ಲಿ. ಅಂಚು ಸೊಟ್ಟಗಾದರೂ ಬಣ್ಣ ಇಳಿದರೂ ಯಾರ ಕಣ್ಣಿಗೂ ಬೀಳುವುದಿಲ್ಲ. ಕೈ ಹೇಗೆ ಎತ್ತಿತು, ಯಾವ ಗಳಿಗೆಯಲ್ಲಿ ತಲೆ ತಿರುಗಿಸಿತು ಎಂಬುದಷ್ಟೇ ನೋಡುವವರ ನೆನಪಿನಲ್ಲಿ ಉಳಿಯುತ್ತದೆ. ಕಲಿಯಬೇಕಾದದ್ದೂ ಮೊದಲು ಅದೇ.

ಅಜ್ಜಿಯ ಮಾತನ್ನು ತಳ್ಳಿಹಾಕಬೇಡಿ. ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಹಿರಿಯರಿಗೆ ಎಡೆ ಇಡುವ ಮನೆಯಲ್ಲಿ ತಲೆಬುರುಡೆ ತೂಗುಹಾಕುವುದು ನನಗೂ ಸರಿ ಕಾಣುವುದಿಲ್ಲ. ಹಾಲೋವೀನ್‌ನ ಬೇರೂ ಇದಕ್ಕಿಂತ ತೀರ ದೂರದ್ದಲ್ಲ. ಸತ್ತವರು ಬದುಕಿದ್ದವರ ಹತ್ತಿರ ಬರುತ್ತಾರೆ ಎಂದು ಕೆಲ್ಟಿಕ್ ಜನ ನಂಬಿದ್ದ ಸಂಹೈನ್ ಹಬ್ಬದ ಜೊತೆ ಅದರ ನಂಟಿದೆ. ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರು. ವಲಸೆ ಹೋದವರಿಗೆ ಅಮೆರಿಕದಲ್ಲಿ ಕುಂಬಳಕಾಯಿ ಸಿಕ್ಕಿತು. ಹೆದರಿಸುವ ವೇಷ ನಮಗೂ ಹೊಸದಲ್ಲ. ಹೋಳಿಯಲ್ಲಿ ಸೋಗು ಹಾಕುವುದನ್ನು, ಹುಬ್ಬಳ್ಳಿಯ ಓಣಿಗಳಲ್ಲಿ ಜಗ್ಗಲಗಿ ವಾದ್ಯದ ಸದ್ದಿಗೆ ಮಕ್ಕಳು ಕುಣಿಯುವುದನ್ನು ಅಜ್ಜಿ ನನಗಿಂತ ಹೆಚ್ಚು ಕಂಡಿರುತ್ತಾರೆ. ಹಾಗಾಗಿ ಮೊದಲ ಗೊಂಬೆಯಾಗಿ ಹೊಲದ ಬೆದರುಗೊಂಬೆಯನ್ನೇ ಆರಿಸಿಕೊಳ್ಳಿ. ಸುಣ್ಣದ ಬೊಟ್ಟಿಟ್ಟ ಗಡಿಗೆಯ ತಲೆ, ಹಳೆಯ ಅಂಗಿ, ಬಿದಿರಿನ ಮೈ. ಅದಕ್ಕೆ ಅಜ್ಜಿ ಬೇಡ ಎನ್ನಲಾರರು, ಬಹುಶಃ ಅಂಗಿಯನ್ನೂ ಅವರೇ ಹುಡುಕಿ ಕೊಡುತ್ತಾರೆ.

ಈಗ ಅದರ ಒಂದು ಕೈ ಎತ್ತಿಸೋಣ. ಹಳೆಯ ವಾಹನಗಳ ಬಿಡಿಭಾಗ ಮಾರುವ ಗುಜರಿಯಲ್ಲಿ ಕಾರಿನ ವೈಪರ್ ಮೋಟರ್ ಕೇಳಿ. ಈ ಹವ್ಯಾಸದಲ್ಲಿ ಅದಕ್ಕಿಂತ ಉಪಕಾರಿ ವಸ್ತುವನ್ನು ನಾನು ಕಂಡಿಲ್ಲ. 12 ವೋಲ್ಟಿನಲ್ಲಿ ಓಡುತ್ತದೆ, ಒಳಗೆ ವರ್ಮ್ ಗೇರ್ (ತಿರುಪಿನ ಆಕಾರದ ಗೇರ್) ಇರುವುದರಿಂದ ನಿಧಾನವಾಗಿ ತಿರುಗುತ್ತದೆ, ಕಡಿಮೆ ವೇಗದಲ್ಲಿ ನಿಮಿಷಕ್ಕೆ ಸುಮಾರು 45 ಸುತ್ತು. ಕರೆಂಟ್ ತೆಗೆದಾಗ ಎತ್ತಿದ ಕೈ ತನ್ನ ಭಾರಕ್ಕೆ ಸುಲಭವಾಗಿ ಕೆಳಗೆ ಜಾರುವುದಿಲ್ಲ, ಅದೂ ವರ್ಮ್ ಗೇರಿನ ಗುಣವೇ. ಅಂಗೈ ಉದ್ದದ ಒಂದು ಕಬ್ಬಿಣದ ಪಟ್ಟಿಯನ್ನು ಮೋಟರಿನ ಅಚ್ಚಿಗೆ ಬಿಗಿದು, ಅದರ ತುದಿಯಿಂದ ಗೊಂಬೆಯ ತೋಳಿಗೆ ಒಂದು ಸರಳು ಕೊಟ್ಟರೆ, ಸುತ್ತುವ ಚಲನೆ ಮೇಲೆ ಕೆಳಗೆ ಆಡುವ ಚಲನೆಯಾಗುತ್ತದೆ. ಪಟ್ಟಿಯಲ್ಲಿ ಒಂದರ ಮುಂದೊಂದು ತೂತು ಕೊರೆದಿಡಿ. ಸರಳನ್ನು ಒಳಗಿನ ತೂತಿಗೆ ಹಾಕಿದರೆ ಕೈ ಸ್ವಲ್ಪವೇ ಅಲುಗುತ್ತದೆ, ಹೊರಗಿನ ತೂತಿಗೆ ಹಾಕಿದರೆ ಎತ್ತರಕ್ಕೆ ಏಳುತ್ತದೆ. ನನಗೆ ಯಾವಾಗಲೂ ಒಳಗಿನ ತೂತೇ ಇಷ್ಟ. ಜೋರಾಗಿ ಕೈ ಬೀಸುವ ಗೊಂಬೆಗಿಂತ ಇಷ್ಟೇ ಇಷ್ಟು ಅಲುಗುವ ಗೊಂಬೆ ಹೆಚ್ಚು ಹೆದರಿಸುತ್ತದೆ.

ಯಾರಾದರೂ ಹತ್ತಿರ ಬಂದಾಗ ಮಾತ್ರ ಅದು ಅಲುಗಬೇಕಲ್ಲವೇ? ಅದಕ್ಕೆ ಪಿಐಆರ್ ಸೆನ್ಸರ್ ಇದೆ. ಮೈಯ ಶಾಖ ಅದರ ಮುಂದೆ ಸರಿದಾಡಿದರೆ ಗುರುತಿಸುತ್ತದೆ. ಕರೆಂಟ್ ಕೊಟ್ಟ ಮೊದಲ ಒಂದು ನಿಮಿಷ ಅದು ಹೇಗೆ ಹೇಗೋ ವರ್ತಿಸುತ್ತದೆ, ಕೆಟ್ಟಿದೆ ಎಂದು ಎಸೆಯಬೇಡಿ. ಅದರ ಸಂಕೇತ ಮೋಟರನ್ನು ನೇರವಾಗಿ ಓಡಿಸಲಾರದು, ನಡುವೆ ರಿಲೇ ಬೇಕು, ಅಂದರೆ ಸಣ್ಣ ಸಂಕೇತದಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್. ಮುಂದೆ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಬಳಸಿದಾಗಲೂ ಇದೇ ಮಾತು: ಅದರ ಒಂದು ಪಿನ್ ಕೊಡುವುದು ಒಂದು ಎಲ್‌ಇಡಿಗೆ ಸಾಲುವಷ್ಟು ಕರೆಂಟ್, ಮೋಟರಿಗೆ ಬೇರೆ ಡ್ರೈವರ್ ಸರ್ಕ್ಯೂಟ್ ಬೇಕು. ಕಣ್ಣಿಗೆ ಕೆಂಪು ಎಲ್‌ಇಡಿ ಹಾಕುವುದಾದರೆ 12 ವೋಲ್ಟಿಗೆ 560 ಓಮ್ ರೆಸಿಸ್ಟರ್ ಸರಿಹೋಗುತ್ತದೆ. ಮನೆಯ ಕರೆಂಟಿನ ಸಹವಾಸ ಬೇಡ; ಯುಪಿಎಸ್‌ನ 12 ವೋಲ್ಟ್ ಬ್ಯಾಟರಿ, ಅದರ ಪಕ್ಕದಲ್ಲೇ ಒಂದು ಫ್ಯೂಸ್, ಅಷ್ಟು ಸಾಕು. ಗೊಂಬೆಯನ್ನು ಕಾಂಪೌಂಡಿನ ಒಳಗೇ ನಿಲ್ಲಿಸಿ. ರಸ್ತೆಗೆ ಮುಖ ಮಾಡಿ ನಿಲ್ಲಿಸಿದರೆ ಬೈಕಿನವರು ಬೆಚ್ಚಿ ಬೀಳುತ್ತಾರೆ.

ತಲೆ, ಮುಖವಾಡಗಳನ್ನು ಕಾಗದದಲ್ಲಿ ಮಾಡುವುದಾದರೆ ಬೇಸಿಗೆಯಲ್ಲೇ ಮುಗಿಸಿ. ಧಾರವಾಡದ ಜಡಿಮಳೆಯಲ್ಲಿ ಕಾಗದದ ಪದರ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಗದಗಿನ ಗಾಳಿ ಒಣ ಗಾಳಿ, ನೀವು ಪುಣ್ಯವಂತರು. ಮೈದಾ ಅಂಟಿಗೆ ಹುಳ ಬೀಳದಿರಲೆಂದು ಬೈಂಡಿಂಗ್ ಮಾಡುವವರು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಥರ್ಮೋಕೋಲ್ ಮೇಲೆ ನೇರವಾಗಿ ಸ್ಪ್ರೇ ಬಣ್ಣ ಹೊಡೆದರೆ ಅದು ಕರಗಿಹೋಗುತ್ತದೆ. ಮೊದಲು ಫೆವಿಕಾಲ್ ಬೆರೆಸಿದ ಕಾಗದದ ಒಂದು ಪದರ ಕೊಡಿ. ಮುಖದ ಅಚ್ಚು ಬೇಕೆಂದು ಮೈಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಮಾತ್ರ ಸುರಿದುಕೊಳ್ಳಬೇಡಿ. ಗಟ್ಟಿಯಾಗುವಾಗ ಅದು ಚರ್ಮ ಸುಡುವಷ್ಟು ಬಿಸಿಯಾಗಬಲ್ಲದು.

ಇಷ್ಟು ಕೈಗೆ ಹತ್ತಿದ ಮೇಲೆ ರೋಬೋಟ್. 1977ರ ಸಿನಿಮಾಕ್ಕಾಗಿ ಮಾಡಿದ ಆರ್2-ಡಿ2ರ ಎತ್ತರ ಸುಮಾರು 109 ಸೆಂಟಿಮೀಟರ್, ಮೈಯ ಅಗಲ ಸುಮಾರು 46. ಒಳಗೆ ಕೆನ್ನಿ ಬೇಕರ್ ಎಂಬ ಗಿಡ್ಡ ದೇಹದ ನಟ ಕೂರುತ್ತಿದ್ದರು, ಆದ್ದರಿಂದಲೇ ಆ ಗಾತ್ರ. ಇದನ್ನು ಮನೆಯಲ್ಲಿ ಕಟ್ಟುವವರು ಮೈಗೆ ಎರಡು ಪದರ ಸುತ್ತುತ್ತಾರೆ. ಒಳಪದರ ಸಾದಾ, ಹೊರಪದರದಲ್ಲಿ ಬಾಗಿಲುಗಳ ಗೆರೆಗಳನ್ನು ಕತ್ತರಿಸಿರುತ್ತಾರೆ. ಆ ಸಂದಿಯಲ್ಲಿ ನೆರಳು ಬಿದ್ದಾಗ ಲೋಹದ ಬಾಗಿಲುಗಳೇ ಕಂಡಂತಾಗುತ್ತದೆ. ಪ್ಲೈವುಡ್ ಬಳೆಗಳ ಮೇಲೆ ಒಳಗೆ ಬೈಂಡಿಂಗ್ ರಟ್ಟು, ಹೊರಗೆ ಫ್ಲೆಕ್ಸ್ ಅಂಗಡಿಯವರು ಬಳಸುವ ತೆಳು ಸನ್‌ಬೋರ್ಡ್ ಪ್ಲಾಸ್ಟಿಕ್ ಹಾಳೆ ಸುತ್ತಿದರೆ ನಿಮಗೆ ಅಷ್ಟೂ ದಕ್ಕುತ್ತದೆ. ಮುದ್ರಣಾಲಯಗಳಿಗೆ ಹೆಸರಾದ ಗದಗಿನಲ್ಲಿ ರಟ್ಟಿಗೆ ಬರವಿಲ್ಲ. ತಲೆಯ ಗುಮ್ಮಟವನ್ನು ಹೊರದೇಶದವರು ಅಲ್ಯೂಮಿನಿಯಂ ಹಾಳೆಯನ್ನು ಲೇತ್ ಮೇಲೆ ತಿರುಗಿಸಿ ಒತ್ತಿ ಮಾಡಿಸುತ್ತಾರೆ. ನಮ್ಮ ಅಲ್ಯೂಮಿನಿಯಂ ಪಾತ್ರೆಗಳನ್ನು ಮಾಡುವ ಸ್ಪಿನ್ನಿಂಗ್ ಕೆಲಸವೂ ಅದೇ, ಆದ್ದರಿಂದ ಪಾತ್ರೆಯಂಗಡಿಯಲ್ಲಿ ವಿಚಾರಿಸಿ ನೋಡಿ.

ತಲೆ ತಿರುಗಲು ಹಳೆಯ ಸೈಕಲ್ಲಿನ ಮುಂದಿನ ಗಾಲಿಯ ನಡುವಿನ ಹಬ್ ಭಾಗವನ್ನು ನೆಟ್ಟಗೆ ನಿಲ್ಲಿಸಿ ಬಿಗಿಯಿರಿ. ಮೋಟರಿನ ತುದಿಗೆ ಚಿಕ್ಕ ರಬ್ಬರ್ ಚಕ್ರ ಹಾಕಿ, ಅದು ತಲೆಯ ಒಳ ಅಂಚಿಗೆ ಒತ್ತಿ ಉಜ್ಜುವಂತೆ ಇಡಿ. ಗೇರ್ ಬೇಡ. ಮಕ್ಕಳು ತಲೆ ಹಿಡಿದು ನಿಲ್ಲಿಸಿಯೇ ನಿಲ್ಲಿಸುತ್ತಾರೆ; ಆಗ ರಬ್ಬರ್ ಜಾರುತ್ತದೆ, ಏನೂ ಮುರಿಯುವುದಿಲ್ಲ. ಸುಮಾರು ಎರಡು ಕಿಲೋ ತೂಗುವ ಬ್ಯಾಟರಿ ಪಾದದ ಮಟ್ಟದಲ್ಲಿರಲಿ, ಇಲ್ಲವಾದರೆ ಮೂರು ಕಾಲಿದ್ದರೂ ಮುಗ್ಗರಿಸುತ್ತದೆ. ಇನ್ನು ತಲೆಯನ್ನು ಒಂದೇ ಸಮನೆ ತಿರುಗಿಸಬೇಡಿ. ಸ್ವಲ್ಪ ತಿರುಗಲಿ, ನಿಲ್ಲಲಿ, ಒಂದಿಷ್ಟು ಹಿಂದಕ್ಕೆ ಬರಲಿ, ಮತ್ತೆ ನಿಲ್ಲಲಿ. ಆ ನಿಲುಗಡೆಯಲ್ಲೇ ಅದು ಏನನ್ನೋ ಯೋಚಿಸುತ್ತಿದೆ ಎಂದು ನೋಡುವವರಿಗೆ ಅನಿಸುತ್ತದೆ. ನನ್ನ ಸಂಜೆಗಳಲ್ಲಿ ಹೆಚ್ಚಿನವು ಕಳೆದಿರುವುದು ಈ ನಿಲುಗಡೆಗಳನ್ನು ಹೊಂದಿಸುವುದರಲ್ಲಿ, ಇದಕ್ಕಿಂತ ಪ್ರಿಯವಾದ ಕೆಲಸ ನನಗೆ ಬೇರೆ ಇಲ್ಲ.

ಬಿಡುವಾದಾಗ ಶಿಗ್ಗಾವಿ ಹತ್ತಿರದ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಹೋಗಿ ಬನ್ನಿ. ಅಲ್ಲಿನ ಆಳೆತ್ತರದ ಸಿಮೆಂಟ್ ಆಕೃತಿಗಳಲ್ಲಿ ಭುಜ ಎಷ್ಟು ವಾಲಿದೆ, ಮೈಭಾರ ಯಾವ ಕಾಲಿನ ಮೇಲಿದೆ ಎಂಬುದನ್ನು ಗಮನಿಸಿ. ನಿಮ್ಮ ಬೆದರುಗೊಂಬೆಯ ನಿಲುವಿಗೆ ಅದು ಕೂಡಲೇ ಉಪಯೋಗಕ್ಕೆ ಬರುತ್ತದೆ.

ಮೋಟರ್ ತಂದ ಮೇಲೆ ಅದರ ತಂತಿಗಳ ಚಿತ್ರ ಇಲ್ಲಿ ಹಾಕಿ. ಸಾಮಾನ್ಯವಾಗಿ ನಾಲ್ಕೈದು ತಂತಿಗಳಿರುತ್ತವೆ, ಅದರಲ್ಲಿ ವೇಗದವು ಎರಡು. ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಊಹೆಯ ಮೇಲೆ ಜೋಡಿಸಬೇಡಿ. ಯಾವುದು ಎಲ್ಲಿಗೆ ಎಂದು ಮಲ್ಟಿಮೀಟರ್‌ನಲ್ಲಿ ಹೇಗೆ ನೋಡುವುದೆಂದು ಹೇಳಿಕೊಡುತ್ತೇನೆ.