ಟಿಬಿಯ ಹೆಂಚು ಇಳಿಸುವ ಮುನ್ನ

ಕೊಡಗಿನ ನಾಪೋಕ್ಲು ಕಡೆಯ ಓದುಗರೊಬ್ಬರ ಪತ್ರ: ಊರಿನ ಹಳೆಯ ಪ್ರವಾಸಿ ಬಂಗಲೆ (ಟಿಬಿ) ಬೀಗ ಹಾಕಿಕೊಂಡು ಹಾಳು ಬಿದ್ದಿದೆ. ಅದನ್ನು ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ) ಮಾಡುವ ಮಾತು ನಡೆದಿದೆ. ಹೆಂಚು ತೆಗೆದು ಶೀಟು ಹೊದಿಸುವುದು, ಇಟ್ಟಿಗೆ ಗೋಡೆಗೆ ಸಿಮೆಂಟ್ ಗಾರೆ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಎಂದು ಗುತ್ತಿಗೆದಾರರು ಅಂದಾಜು ಕೊಟ್ಟಿದ್ದಾರೆ. ಇದು ಸರಿಯೇ? ಎಲ್ಲಿಂದ ಶುರು ಮಾಡಬೇಕು?

ಸಂಪಾದಕರ ಉತ್ತರ:

ಮೂರೂ ಬೇಡ. ಶೀಟಿನ ಕೆಳಗೆ ಆಷಾಢದ ಮಳೆಯಲ್ಲಿ ಪಕ್ಕದವರ ಮಾತೇ ಕೇಳಿಸದು, ಇನ್ನು ಓದುವುದೆಲ್ಲಿ? ಸಿಮೆಂಟ್ ಮತ್ತು ಟೈಲ್ಸ್ ಇನ್ನೊಂದು ಬಗೆಯ ತೊಂದರೆ: ಅವು ತೇವವನ್ನು ಹೊರಗೆ ಬಿಡುವುದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ, ಭಾಗಮಂಡಲದತ್ತ ಹೋದಂತೆ ಇನ್ನೂ ಜಾಸ್ತಿ. ಇಂಥ ಕಡೆ ಹಳೆಯ ಕಟ್ಟಡದ ರಿಪೇರಿ ಎಂದರೆ ಮುಕ್ಕಾಲು ಪಾಲು ನೀರಿನ ಕೆಲಸವೇ. ಹಣ ಮೊದಲು ಮಾಡಿಗೆ (ಛಾವಣಿಗೆ), ಆಮೇಲೆ ಚರಂಡಿಗೆ. ಗೋಡೆಯ ಸರದಿ ಮುಂದಿನ ವರ್ಷಕ್ಕೆ.

ಅಂದಾಜು ಬರೆಯಲು ಒಳ್ಳೆಯ ಕಾಲ ಕಕ್ಕಡ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ಕೊಡವ ತಿಂಗಳು. ಜಡಿಮಳೆಯ ದಿನ ಟಾರ್ಚ್ ಹಿಡಿದು ಅಟ್ಟ ಹತ್ತಿ, ಒದ್ದೆಯಾದ ಪ್ರತಿ ಪಕ್ಕಾಸಿಗೆ (ಹೆಂಚು ಹೊರುವ ಓರೆ ಮರಕ್ಕೆ) ಬಣ್ಣದ ಬಟ್ಟೆಚೂರು ಕಟ್ಟಿ ಬನ್ನಿ (ಸೀಮೆಸುಣ್ಣದ ಗುರುತು ಒದ್ದೆ ಮರದ ಮೇಲೆ ನಿಲ್ಲದು). ಬೇಸಿಗೆಯಲ್ಲಿ ಹೋದವರಿಗೆ ಕಲೆ ಕಾಣುತ್ತದೆ, ನೀರು ಬಂದ ದಾರಿ ಕಾಣುವುದಿಲ್ಲ. ಹೆಚ್ಚಿನ ಸೋರಿಕೆ ಒಡೆದ ಹೆಂಚಿನಿಂದಲ್ಲ. ಹೊಗೆಗೂಡಿನ ಬುಡ, ಎರಡು ಇಳಿಜಾರು ಸೇರುವ ಕುಳಿಯ ತಗಡು, ಮಾಡಿನ ನೆತ್ತಿಯ ಕೋಡುಹೆಂಚಿನ ಬಿರುಕು ಬಿಟ್ಟ ಗಾರೆ, ಈ ಮೂರು ಕಡೆಯಿಂದ.

ಮಾಡು ಬಿಚ್ಚುವುದು ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ. ಆಗ ಕಾಫಿ ಕುಯ್ಲೂ ಶುರುವಾಗಿ ಆಳು ಸಿಗುವುದು ಕಷ್ಟ. ಹಾಗಾಗಿ ಒಂದು ಇಳಿಜಾರು ಬಿಚ್ಚಿ, ಮುಗಿಸಿ, ಮುಚ್ಚಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿ. ಪೂರ್ತಿ ಬಿಚ್ಚಿಟ್ಟ ಮಾಡಿನ ಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದರೆ ತೋಟದವರಿಗಷ್ಟೇ ಖುಷಿ. ಚದರ ಮೀಟರಿಗೆ ಸುಮಾರು 15 ಮಂಗಳೂರು ಹೆಂಚು ಬೇಕು; ಒಡೆಯುವುದಕ್ಕೆಂದು ಶೇ 10 ಹೆಚ್ಚು ಇಟ್ಟುಕೊಳ್ಳಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಒಂದೊಂದರ ಅಚ್ಚೂ ಬೇರೆ. ಒಂದರ ಹೆಂಚಿನ ಕಚ್ಚು ಇನ್ನೊಂದರದಕ್ಕೆ ಕೂರುವುದಿಲ್ಲ, ಬೆರೆಸಿದರೆ ಸಂದಿ ಬೀಳುತ್ತದೆ. ಉಳಿದ ಹಳೆಯ ಹೆಂಚನ್ನೆಲ್ಲ ಮುಂದಿನ ಇಳಿಜಾರಿಗೆ ಹಾಕಿ, ಹೊಸದನ್ನು ಹಿಂದಕ್ಕೆ ಹಾಕಿ.

ಪಕ್ಕಾಸು ಸಾಮಾನ್ಯವಾಗಿ ಕುಂಬಾಗುವುದು (ಕೊಳೆಯುವುದು) ಗೋಡೆಯ ಮೇಲೆ ಕೂತ ತುದಿಯಲ್ಲಿ. ಸ್ಕ್ರೂಡ್ರೈವರ್ ಚುಚ್ಚಿ, ಅರ್ಧ ಇಂಚಿಗಿಂತ ಆಳಕ್ಕೆ ಸಲೀಸಾಗಿ ಇಳಿದರೆ ಅಷ್ಟು ಭಾಗ ಹೋಯಿತೆಂದೇ ಲೆಕ್ಕ. ಇಡೀ ಮರ ಬದಲಿಸಬೇಕಿಲ್ಲ. ಕೆಟ್ಟದ್ದನ್ನು ಕತ್ತರಿಸಿ, ಓರೆಯಾಗಿ ಸೀಳಿ, ಹೊಸ ತುಂಡು ಜೋಡಿಸಿ ಬೋಲ್ಟ್ ಹಾಕಿ. ನಾಲ್ಕಿಂಚು ಆಳದ ಪಕ್ಕಾಸಿಗೆ ಜೋಡಿನ ಉದ್ದ ಹದಿನಾರು ಇಂಚಾದರೂ ಇರಲಿ. ತುಂಡಿಗೆ ಹೊನ್ನೆ ಅಥವಾ ಮತ್ತಿ ಆದೀತು. ತೋಟದಲ್ಲಿ ಧಾರಾಳವಾಗಿದೆ ಎಂದು ಸಿಲ್ವರ್ ಓಕ್ ತರಬೇಡಿ, ಹುಳಕ್ಕೆ ಹಬ್ಬ.

ಚರಂಡಿಯ ಕೆಲಸ ಅಗ್ಗ, ಅದಕ್ಕೇ ಯಾರ ಅಂದಾಜಿನಲ್ಲೂ ಇರುವುದಿಲ್ಲ. ಇಷ್ಟು ವರ್ಷದ ಮಣ್ಣು, ತರಗೆಲೆ ಸೇರಿ ಹೊರಗಿನ ನೆಲ ಏರಿರುತ್ತದೆ. ಅದನ್ನು ಒಳನೆಲಕ್ಕಿಂತ ಕನಿಷ್ಠ ಆರಿಂಚು ಕೆಳಕ್ಕೆ ತೋಡಿ, ಸೂರಿನ ನೀರು ಬೀಳುವ ನೇರಕ್ಕೆ ಕಲ್ಲಿನ ಕಾಲುವೆ ಮಾಡಿ ಇಳಿಜಾರಿನತ್ತ ಹರಿಸಿ. ಗೋಡೆಗೆ ತಾಗಿಸಿ ಕಾಂಕ್ರೀಟ್ ಹಾಕಬೇಡಿ. ನೆಲದ ತೇವ ಆಗ ಗೋಡೆಯನ್ನೇ ಹತ್ತುತ್ತದೆ.

ಇನ್ನು ಗೋಡೆ. ಈಗಾಗಲೇ ಸಿಮೆಂಟ್ ತೇಪೆಗಳಿದ್ದರೆ ಉಳಿ, ಸುತ್ತಿಗೆಯಿಂದ ಕೈಯಲ್ಲೇ ಬಿಡಿಸಿ. ಬ್ರೇಕರ್ ಹಚ್ಚಿದರೆ ಮಣ್ಣಿನಲ್ಲಿ ಕೂರಿಸಿದ ಇಟ್ಟಿಗೆ ಸಡಿಲವಾಗುತ್ತದೆ. ಬಿಡಿಸಿದ ಗೋಡೆ ಆರಲಿ: ಸ್ಥೂಲ ಲೆಕ್ಕಕ್ಕೆ ಗೋಡೆಯ ದಪ್ಪದಲ್ಲಿ ತಿಂಗಳಿಗೆ ಒಂದಿಂಚು. ಮಾರ್ಚ್ ಕೊನೆಗೆ ಬಿಲ್ ಆಗಲೇಬೇಕೆಂಬ ಆತುರ ಎಡವುವುದು ಇಲ್ಲೇ. ಒದ್ದೆ ಗೋಡೆ ಮುಚ್ಚಿದರೆ ಎರಡು ಮಳೆಗಾಲದೊಳಗೆ ಗಾರೆ ಉಬ್ಬಿ ಬೀಳುತ್ತದೆ.

ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಮೇಲೆ ನೀರು ನಿಲ್ಲುವಂತೆ ಕನಿಷ್ಠ ಮೂರು ವಾರ ಮುಚ್ಚಿಡಿ. ಅರಳದ ಹರಳು ಉಳಿದರೆ ಗೋಡೆಯ ಮೇಲೆ ಅರಳಿ ಬಿಲ್ಲೆಬಿಲ್ಲೆಯಾಗಿ ಕಿತ್ತುಬರುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಜರಡಿ ಹಿಡಿದ ಮರಳು. ಒಂದೊಂದು ಪದರ ಅರ್ಧ ಇಂಚು ಮೀರದಿರಲಿ, ನಡುವೆ ವಾರಕ್ಕೂ ಹೆಚ್ಚು ಅಂತರ ಇರಲಿ. ಬಿಸಿಲಿಗೆ ಬೇಗ ಒಣಗಿದರೆ ಕೂದಲೆಳೆ ಬಿರುಕು, ಹಾಗಾಗಿ ಒದ್ದೆ ಗೋಣಿ ಇಳಿಬಿಡಿ. ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ. ಏಪ್ರಿಲ್ ಅರ್ಧ ದಾಟಿದ ಮೇಲೆ ಹಚ್ಚಿದ್ದು ಜೂನ್ ಮಳೆಗೆ ಹಸಿಯಾಗಿಯೇ ಸಿಕ್ಕಿಬೀಳುತ್ತದೆ. ಮೇಲೆ ತೆಳು ಸುಣ್ಣ ನಾಲ್ಕು ಕೈ ಸಾಕು, ಎಮಲ್ಷನ್ ಬೇಡ.

ಪುಸ್ತಕದ ಕಪಾಟುಗಳನ್ನು ಅಟ್ಟದ ಮೇಲೆ ಇಡುವ ಯೋಚನೆ ಇದ್ದರೆ ಕೈಬಿಡಿ. ಭಾರತೀಯ ಮಾನಕದಲ್ಲಿ ವಾಸದ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಹಿಡಿದರೆ, ಪುಸ್ತಕ ಪೇರಿಸುವ ಕೋಣೆಗೆ 600 ಹಿಡಿಯುತ್ತಾರೆ. ಕಪಾಟು ಕೆಳಗೇ ಇರಲಿ, ಹೊರಗೋಡೆಯಿಂದ ನಾಲ್ಕಿಂಚು ದೂರ, ಇಲ್ಲವಾದರೆ ಹಿಂಬದಿಯ ಸಾಲಿಗೆ ಬೂಷ್ಟು. ಅಗ್ಗಿಷ್ಟಿಕೆ ಇದ್ದರೆ ಇಟ್ಟಿಗೆ ಕಟ್ಟಿ ಮುಚ್ಚಬೇಡಿ, ತೇವಗಾಳಿ ಹೊರಹೋಗುವ ದಾರಿ ಅದು. ಜಗಲಿಗೆ ಆರಿಂಚಿನ ಮೂರು ಮೆಟ್ಟಿಲಿದ್ದರೆ ಗಾಲಿಕುರ್ಚಿಗೆ ಹದಿನೆಂಟು ಅಡಿ ಉದ್ದದ ಇಳಿಜಾರು ಬೇಕು. ಅದನ್ನು ಪಕ್ಕದಿಂದ ಹತ್ತಿಸಿ.

ಕಟ್ಟಡ ಯಾವ ಇಲಾಖೆಯ ಹೆಸರಿನಲ್ಲಿದೆಯೋ ಅಲ್ಲಿಂದ ಲಿಖಿತ ಹಸ್ತಾಂತರ ಆಗುವವರೆಗೆ ಒಂದು ಹೆಂಚನ್ನೂ ಮುಟ್ಟಬೇಡಿ. ಟೆಂಡರ್ ಎರಡು ಹಂತದಲ್ಲಿ ಕರೆಯಿರಿ, ಎರಡನೆಯದರಲ್ಲಿ ‘ಸುಣ್ಣದ ಗಾರೆ, ಸಿಮೆಂಟ್ ಬೆರೆಸುವಂತಿಲ್ಲ’ ಎಂದು ಸ್ಪಷ್ಟವಾಗಿ ಬರೆಸಿ. ಬರೆಯದಿದ್ದರೆ ಒಂದೊಂದು ಬುಟ್ಟಿಗೆ ಒಂದೊಂದು ಬೊಗಸೆ ಸಿಮೆಂಟ್ ಬಿದ್ದೇ ಬೀಳುತ್ತದೆ.