ಕೃಷಿ ಪ್ರಶ್ನೋತ್ತರ: ಅವರೆಗೆ ಬಿದ್ದ ನಾತದ ತಿಗಣೆ

ಪ್ರಶ್ನೆ: ಅವರೆಕಾಯಿ ಹೊರಗೆ ದಪ್ಪಗೆ ಚೆನ್ನಾಗಿದೆ. ಸುಲಿದರೆ ಕಾಳು ಸುಕ್ಕಿದೆ, ಮೇಲೆ ಕಂದು ಚುಕ್ಕಿ. ತೂತಿಲ್ಲ, ಹುಳುವೂ ಇಲ್ಲ. ಗಿಡದಲ್ಲಿ ಮುಟ್ಟಿದರೆ ನಾರುವ ಹಸಿರು ತಿಗಣೆಗಳಿವೆ. ಇದು ಅವುಗಳದ್ದೇ ಕೆಲಸವೇ?
– ಓದುಗರು, ಶ್ರೀನಿವಾಸಪುರ

ಉತ್ತರ: ಅವುಗಳದ್ದೇ. ಕಾಯಿಕೊರಕವಾಗಿದ್ದರೆ ತೂತು, ಹಿಕ್ಕೆ ಕಾಣಬೇಕಿತ್ತು. ತಿಗಣೆ ಅಗಿಯುವುದಿಲ್ಲ, ಸೂಜಿಯಂಥ ಮೂತಿಯನ್ನು ಸಿಪ್ಪೆ ದಾಟಿಸಿ ಕಾಳಿಗೆ ಇಳಿಸುತ್ತದೆ, ಎಂಜಲು ಬಿಟ್ಟು ಕರಗಿದ ರಸ ಹೀರುತ್ತದೆ. ಸಿಪ್ಪೆಯ ಮೇಲಿನ ಗಾಯ ಕಣ್ಣಿಗೆ ಬೀಳುವುದೇ ಇಲ್ಲ. ಹಿತಕವರೆಗೆ ಮಾಡುವಂತೆ ನಾಲ್ಕು ಕಾಳು ನೆನೆಸಿ ಹಿತುಕಿ ನೋಡಿ: ಚುಚ್ಚಿದಲ್ಲಿ ಕಪ್ಪು ಚುಕ್ಕಿ, ಸುತ್ತ ಸುಣ್ಣದಂತೆ ಬಿಳಿಚಿದ ತಗ್ಗು. ಎಳೆಗಾಯಿಗೆ ಚುಚ್ಚಿದರೆ ಕಾಯಿ ಉದುರುತ್ತದೆ, ಇಲ್ಲವೇ ಜೊಳ್ಳಾಗುತ್ತದೆ. ಬಲಿತ ಕಾಳಿನಲ್ಲಿ ತೂಕ ಅಷ್ಟಾಗಿ ಇಳಿಯದು; ಆದರೆ ಅಂಥ ಕಾಳನ್ನು ಬಿತ್ತನೆಗೆ ಎತ್ತಿಡಬೇಡಿ, ಮೊಳಕೆ ಕೈಕೊಡುತ್ತದೆ.

ಪ್ರಶ್ನೆ: ಔಷಧಿ ಹೊಡೆದ ವಾರಕ್ಕೇ ಮತ್ತೆ ಅಷ್ಟೇ ತಿಗಣೆ. ಏನು ತಪ್ಪಾಗಿದೆ?
– ಓದುಗರು, ಚಿಂತಾಮಣಿ

ಉತ್ತರ: ರೆಕ್ಕೆ ಬಂದ ತಿಗಣೆ ಪಕ್ಕದ ತೊಗರಿಯಿಂದ, ಬದುವಿನ ಕಳೆಯಿಂದ ಹಾರಿ ಬರುತ್ತದೆ. ಹಾಗಾಗಿ ನಿಮ್ಮ ಹೊಲಕ್ಕೆ ಮಾತ್ರ ಹೊಡೆದರೆ ಮುಗಿಯುವುದಿಲ್ಲ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ: ತಿಗಣೆಯ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುವ ಸಣ್ಣ ಕಣಜವೊಂದುಂಟು, ವಿಷಕ್ಕೆ ಅದೂ ಸಾಯುತ್ತದೆ.

ಹೂ ಬಿಟ್ಟ ದಿನದಿಂದ ವಾರಕ್ಕೆರಡು ಸಲ ಎಲೆಯ ಅಡಿ ನೋಡಿ. ಪುಟ್ಟ ಪೀಪಾಯಿಯಂಥ ತಿಳಿಹಳದಿ ಮೊಟ್ಟೆಗಳು ಐವತ್ತು-ನೂರು ಒಟ್ಟಿಗೆ, ಸಾಲಾಗಿ ಅಂಟಿರುತ್ತವೆ. ಒಡೆಯುವ ಮುಂಚೆ ಕೆಂಪಗಾಗುತ್ತವೆ. ಕಪ್ಪಾಗಿದ್ದರೆ ಒಳಗಿರುವುದು ಕಣಜದ ಮರಿ. ಆ ಎಲೆಯನ್ನು ದಯವಿಟ್ಟು ಮುಟ್ಟಬೇಡಿ. ತಿಗಣೆ ಮರಿ ಹೊರಬಂದ ಮೊದಲೆರಡು ದಿನ ಏನೂ ತಿನ್ನದೆ ಮೊಟ್ಟೆಯ ಸಿಪ್ಪೆಗಳ ಮೇಲೇ ಗುಂಪಾಗಿ ಕೂರುತ್ತದೆ. ಎಲೆಸಮೇತ ಕಿತ್ತು ಸೋಪಿನ ನೀರಿಗೆ ಹಾಕಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು. ಆಮೇಲೆ ಐದು ಸಲ ಪೊರೆ ಬಿಟ್ಟು, ಸುಮಾರು ಐದು ವಾರದಲ್ಲಿ ಬೆಳೆಯುತ್ತದೆ. ಮರಿಗಳು ಕಪ್ಪು, ಮೈಮೇಲೆ ಬಿಳಿ-ಕೆಂಪು ಚುಕ್ಕಿ. ಬೇರೆ ಹುಳು ಎಂದು ಬಿಟ್ಟುಬಿಡುವವರೇ ಹೆಚ್ಚು.

ಬೆಳೆದವನ್ನು ಬೆಳಗಿನ ಚಳಿಯಲ್ಲಿ ಹಿಡಿಯಿರಿ. ಆಗ ಹಾರಲಾರವು, ಗಿಡ ಅಲುಗಿದರೆ ಕೆಳಗೆ ಬೀಳುತ್ತವೆ. ಸೋಪಿನ ನೀರಿನ ಅಗಲ ಬೋಗುಣಿಯನ್ನು ಮೊದಲು ಅಡಿಗೆ ಹಿಡಿದು, ಆಮೇಲೆ ಗಿಡ ಕೊಡವಿ. ಬರೀ ನೀರಾದರೆ ತೇಲಿ ಹತ್ತಿಬಿಡುತ್ತವೆ.

ಮರಿಗಳೇ ಹೆಚ್ಚಿದ್ದರೆ ಬೇವಿನ ಬೀಜದ ಕಷಾಯ: 15 ಲೀಟರ್ ಟ್ಯಾಂಕಿಗೆ 750 ಗ್ರಾಂ ತಿರುಳಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೆನೆಸಿ, ಹಿಂಡಿ, ಸೋಸಿ, ಒಂದಿಷ್ಟು ಸೋಪು ಕರಗಿಸಿ, ಸಂಜೆ ಎಲೆಯ ಅಡಿಗೆ ಸಿಂಪಡಿಸಿ. ಬಿಸಿಲಿಗೆ ಇದರ ಸತ್ವ ಹೋಗುತ್ತದೆ. ಬೆಳೆದ ತಿಗಣೆಗೆ ಇದು ಅಷ್ಟು ನಾಟದು. ಮೂರು-ನಾಲ್ಕು ದಿನಕ್ಕೊಮ್ಮೆ ಕಾಯಿ ಕೀಳುವ ಹೊಲಕ್ಕೆ ರಾಸಾಯನಿಕ ಹೊಡೆಯುವುದು ತಿನ್ನುವವರಿಗೆ ಅಪಾಯ. ಕೈಮೀರಿದೆ ಅನ್ನಿಸಿದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡದ ಕೊನೆ, ಹುಳು ಎರಡನ್ನೂ ಒಯ್ದು ತೋರಿಸಿ.

ಪ್ರಶ್ನೆ: ಈ ನಾತವೂ ಅವರೆಯ ಸೊಗಡೂ ಒಂದೇ ಏನು?
– ಓದುಗರು, ಮಾಲೂರು

ಉತ್ತರ: ಅಲ್ಲ. ಸೊಗಡು ಕಾಯಿ ಸಿಪ್ಪೆಯ ಎಣ್ಣೆಯಂಶದ್ದು. ತಿಗಣೆಯ ನಾತ ಗ್ರಂಥಿಯದ್ದು: ಬೆಳೆದದ್ದಕ್ಕೆ ಎದೆಯಡಿ, ಕಾಲುಗಳ ಬುಡದ ಹತ್ತಿರ, ಮರಿಗೆ ಬೆನ್ನ ಮೇಲೆ. ಕೊತ್ತಂಬರಿ ಸೊಪ್ಪಿನ ವಾಸನೆಯೂ ಇದೇ ಜಾತಿಯ ರಾಸಾಯನಿಕಗಳಿಂದ ಬರುವುದು. ಕಣ್ಣಿಗೆ ತಾಗಿದರೆ ಉರಿ, ತಕ್ಷಣ ನೀರಲ್ಲಿ ತೊಳೆಯಿರಿ.

ಭುಜದ ಎರಡೂ ಕಡೆ ಚೂಪು ಮುಳ್ಳಿದ್ದು, ಕಂಬಳಿಹುಳುವಿಗೆ ಮೂತಿ ಚುಚ್ಚಿ ಹಿಡಿದಿರುವ ಕಂದು ತಿಗಣೆ ಕಂಡರೆ ಮಾತ್ರ ಬೋಗುಣಿಗೆ ಹಾಕಬೇಡಿ. ಅದು ಹುಳು ತಿನ್ನುವ ಜಾತಿ, ಗಿಡದಲ್ಲೇ ಇರಲಿ.